ರಾಕನ ಪಾಲಿನ ಮೊಟ್ಟೆ

ಜೂನ್ 3, ಮಧ್ಯಾಹ್ನ

ನಾಲ್ಕು ಜನ ಗೆಸ್ಟ್. ಹಾಲೆಂಡಿನವರು. ಸೂರ್ಯೋದಯ ತೋರಿಸಲು ಬೆಟ್ಟ ಹತ್ತಿಸಿದರೆ ತುದಿಯಲ್ಲಿ ಬರೀ ಮಂಜು. ಎದುರಿನ ಅಗುಂಗ್ ಬೆಟ್ಟ ಇಲ್ಲ, ಕೆಳಗೆ ಸರೋವರ ಇಲ್ಲ, ಸೂರ್ಯನಂತೂ ಇಲ್ಲವೇ ಇಲ್ಲ. ಎತ್ತರದ ಗಂಡಸು ಗಡಿಯಾರ ನೋಡಿ ನನ್ನನ್ನು ನೋಡಿದ, ನಾನೇ ಎಲ್ಲೋ ಬಚ್ಚಿಟ್ಟಿದ್ದೇನೆ ಅನ್ನುವ ಹಾಗೆ. ಬಂಡೆಯ ಬಿರುಕಿನ ಹಬೆಯಲ್ಲಿ ಮೊಟ್ಟೆ ಬೇಯಿಸಿ ಕೊಟ್ಟೆ. ಜ್ವಾಲಾಮುಖಿಯ ಮೊಟ್ಟೆ ಅಂದ ತಕ್ಷಣ ಸೂರ್ಯನನ್ನು ಮರೆತು ಫೋಟೋ ತೆಗೆಯತೊಡಗಿದರು.

ಇಳಿದ ಮೇಲೆ ಅವರನ್ನು ಟಿಕೆಟ್ಟಿನ ಬಿಸಿನೀರಿನ ಕೊಳಕ್ಕೆ ಬಿಟ್ಟೆ. ನಾನು ಊರವರ ಕೊಳಕ್ಕೆ ಹೋದೆ. ಮೂರನೇ ಮೆಟ್ಟಿಲು. ರಾಕ ಕೂರುತ್ತಿದ್ದುದು ಅಲ್ಲೇ. ಸ್ಕೂಲಿಗೆ ಮುಂಚೆ ಕಾಲು ನೀರಿಗೆ ಬಿಟ್ಟು ಕಾಯುತ್ತಿದ್ದ, ಅಪ್ಪ ಅಮ್ಮ ಬೆಟ್ಟದಿಂದ ಮೊಟ್ಟೆ ತರಲಿ ಅಂತ. ಒಮ್ಮೆ ನಾನೂ ತಂದಿದ್ದೆ, ಮುದಿತನೂ ತಂದಿದ್ದ. ಎರಡೂ ತಿಂದು ದಿನವಿಡೀ ಹೊಟ್ಟೆನೋವು ಅಂತ ಅತ್ತಿದ್ದ. ಅವತ್ತು ಗಂಡನಿಗೆ ಚೆನ್ನಾಗಿ ಬೈದಿದ್ದೆ — ಕೇಳಿ ಕೊಡಬಾರದಾ ಅಂತ. ಆಮೇಲೆ ಒಂದೇ ಮೊಟ್ಟೆ ಅಂತ ಮಾತಾಯಿತು.

ಇವತ್ತೂ ಜಾಕೆಟ್ ಜೇಬಿನಲ್ಲಿ ಒಂದು ಮೊಟ್ಟೆ ಉಳಿದಿತ್ತು. ಉಳಿದಿತ್ತು ಅನ್ನುವುದು ಸುಳ್ಳು. ಉಳಿಸಿದ್ದೆ. ಮೆಟ್ಟಿಲ ಮೇಲಿಟ್ಟು ಬಂದೆ, ದಿನದ ಹಾಗೆ.

ಮಗ ಹೋಗಿ ಇದು ಎರಡನೇ ಬೇಸಿಗೆ. ಸೊಳ್ಳೆ ಜ್ವರ. ಆರು ವರ್ಷ. ಮುಂದಿನ ಹಲ್ಲೊಂದು ಅಲ್ಲಾಡುತ್ತಿತ್ತು, ಬಿದ್ದಿರಲಿಲ್ಲ.

ಜೂನ್ 9

ಮುದಿತ ಇವತ್ತೂ ಈರುಳ್ಳಿ ಹೊಲಕ್ಕೆ ಹೋದ. ಗೈಡ್‌ಗಳ ಆಫೀಸಿನವರು ಕೇಳಿದರು, ನಿನ್ನ ಗಂಡ ಯಾವಾಗ ಬೆಟ್ಟ ಹತ್ತುತ್ತಾನೆ ಅಂತ. ಮಂಡಿನೋವು ಅಂದೆ. ಅವನು ನನಗೆ ಹೇಳಿದ್ದೂ ಅದನ್ನೇ. ಈರುಳ್ಳಿ ಮೂಟೆ ಹೊರುವಾಗ ಆ ಮಂಡಿಗೆ ಏನೂ ಆಗುವುದಿಲ್ಲ. ಬೆಟ್ಟ ಇಳಿದರೆ ಕೊಳದ ಮುಂದೆಯೇ ಬರಬೇಕಲ್ಲ, ಅದಕ್ಕೆ.

ಊಟಕ್ಕೆ ಕೂತರೆ ನಾಲ್ಕು ತುತ್ತು. ಎದ್ದುಬಿಡುತ್ತಾನೆ.

ಜೂನ್ 14, ಸಂಜೆ

ಪಾರ್ಮಿಗೆ ಏಳು ತಿಂಗಳು. ಮೈದುನ ಸುದಾನನ ಹೆಂಡತಿ, ನನ್ನ ಓರಗಿತ್ತಿ. ಜಗಲಿಯಲ್ಲಿ ತೆಂಗಿನಗರಿ ಹೆಣೆಯುತ್ತಾ ಅತ್ತೆ ಅವಳ ಹೊಟ್ಟೆ ನೋಡಿ ಶುರು ಮಾಡಿದರು.

"ಮಗುವಾಗಿ ಬರೋದು ತೀರಿಹೋದ ನಮ್ಮನೆಯವರೇ. ಬೇರೆಯವರು ಯಾಕೆ ಬರ್ತಾರೆ? ಯಾರು ಅಂತ ಮಾತ್ರ ಜೆರೋ ಅಮ್ಮನ ಮೈಮೇಲೆ ಬಂದು ಅವರೇ ಹೇಳ್ಬೇಕು."

"ಯಾರಾದ್ರೆ ಒಳ್ಳೇದು ಅತ್ತೆ?" ಅಂದಳು ಪಾರ್ಮಿ.

"ಯಾರಾದ್ರೂ ಬರ್ಲಿ, ನಮ್ಮತ್ತೆ ಒಬ್ರು ಬರದಿದ್ರೆ ಸಾಕು. ಬದುಕಿದ್ದಾಗ ಪಟ್ಟಿದ್ದೇ ಸಾಕಾಗಿದೆ ನಂಗೆ."

ಎಲ್ಲರೂ ನಕ್ಕೆವು. ಕೆರ್ತಿ ಅಜ್ಜಿ, ಅತ್ತೆಯ ಅತ್ತೆ. ಬಾಯಿ ತುಂಬ ಎಲೆ ಅಡಿಕೆ, ಮಾತಿನ ತುಂಬ ಖಾರ. ನಾನು ಗೈಡ್ ಕೆಲಸಕ್ಕೆ ಸೇರಿದಾಗ, "ಬೆಟ್ಟಕ್ಕೆ ಗಂಡಸರು ಸಾಲದೆ ಹೋದ್ರಾ, ಇವಳೂ ಹೊರಟ್ಳಲ್ಲ" ಅಂತ ಬೀದಿಯಲ್ಲೇ ನಿಂತು ಹೇಳಿದವಳು. ತೀರಿಕೊಂಡ ದಿನವೂ ದವಡೆಯಲ್ಲಿ ಕರಿ ಹೊಗೆಸೊಪ್ಪು ಇತ್ತು.

"ಬಂದೋರು ಕೇಳಿದ್ದನ್ನ ಕೊಡ್ಲೇಬೇಕು. ಕೊಡ್ದಿದ್ರೆ ಮಗೂಗೆ ಆಗ್ಬರಲ್ಲ," ಅಂದರು ಅತ್ತೆ. "ಸುದಾನ ಹುಟ್ಟಿದಾಗ ಅವನ ದೊಡ್ಡಜ್ಜ ಬಂದು ಹೆಂಡ ಕೇಳ್ದ. ಮೂರು ತಿಂಗಳ ಮಗೂನ ತಟ್ಟೇಲಿ ಹೆಂಡದ ಕುಡಿಕೆ ಇಟ್ಟಿದ್ವಿ."

"ಅದಕ್ಕೇ ಇವತ್ತಿಗೂ ಬಿಟ್ಟಿಲ್ಲ ಅವ್ರು," ಅಂದಳು ಪಾರ್ಮಿ.

ಅತ್ತೆ ಮತ್ತೆ ಗರಿ ಕೈಗೆತ್ತಿಕೊಂಡರು. ಎಲ್ಲರ ಮನಸ್ಸಿನಲ್ಲೂ ಒಂದೇ ಹೆಸರು. ಹಾಲುಹಲ್ಲು ಬೀಳುವ ಮುಂಚೆ ಹೋದ ಮಕ್ಕಳು ದೂರ ಹೋಗುವುದಿಲ್ಲ, ಬೇಗ ತಿರುಗುತ್ತವೆ ಅಂತ ಪೂಜಾರಿಯೇ ಹೇಳಿದ್ದರು. ಮಣ್ಣು ಮಾಡಿದ ದಿನ. ನನಗೆ ಬೇರೇನೂ ನೆನಪಿಲ್ಲ, ಆ ಮಾತೊಂದೇ ನೆನಪಿದೆ.

ಜೂನ್ 15

ಪಾರ್ಮಿ ಕೇಳಿದಳು, "ಅಕ್ಕ, ನಂಗೂ ಒಂದು ಬೆಟ್ಟದ ಮೊಟ್ಟೆ ತಂದ್ಕೊಡ್ತೀರಾ? ಯಾಕೋ ಆಸೆ ಆಗ್ತಿದೆ."

ಎಂದಿನಿಂದ ಆಸೆ ಅಂತ ಎರಡು ಸಲ ಕೇಳಿದೆ.

ಜೂನ್ 16

ಕೊಟ್ಟೆ. ಉಪ್ಪು ಬೇಡ ಅಂದಳು. ರಾಕನೂ ಉಪ್ಪು ಬೇಡ ಅನ್ನುತ್ತಿದ್ದ.

ಇನ್ನು ಮೇಲೆ ಆ ಒಂದು ಮೊಟ್ಟೆ ಅವಳಿಗೇ. ಮೆಟ್ಟಿಲ ಮೇಲೆ ಇಡುವುದು ಬೇಡ. ಇಲ್ಲೇ ಇರುವವನಿಗೆ ಅಲ್ಲಿ ಯಾಕೆ ಇಡಬೇಕು?

ಹೀಗೆಲ್ಲ ಬರೆಯಬಾರದು. ಆಸೆಗೆ ಕಣ್ಣು ಬೀಳುತ್ತದೆ.

ಜುಲೈ 6

ಒಬ್ಬಳೇ ಗೆಸ್ಟ್. ಕೊರಿಯಾದ ಹೆಂಗಸು, ನನಗಿಂತ ಹತ್ತು ವರ್ಷ ದೊಡ್ಡವಳಿರಬೇಕು. ಬೂದಿಯ ಇಳಿಜಾರಿನಲ್ಲಿ ಒಂದು ಹೆಜ್ಜೆ ಮೇಲೆ, ಅರ್ಧ ಹೆಜ್ಜೆ ಕೆಳಗೆ. ನನ್ನ ಕೈ ಬಿಡಲಿಲ್ಲ. ಮೇಲೆ ಹೋದ ಮೇಲೆ ಎಲ್ಲರೂ ಕೇಳುವುದನ್ನೇ ಕೇಳಿದಳು, ಮಕ್ಕಳೆಷ್ಟು ಅಂತ.

"ಒಬ್ಬ," ಅಂದೆ.

"ಎಷ್ಟು ವರ್ಷ?"

"ಇನ್ನೂ ಹುಟ್ಟಿಲ್ಲ" ಅಂತ ಬಾಯಿಗೆ ಬಂತು. ಆರು ಅಂದೆ.

ಆಕಾಶ ಚೊಕ್ಕ. ಸೂರ್ಯ ಅಗುಂಗ್ ಪಕ್ಕದಿಂದ ನಿಧಾನವಾಗಿ ಬಂದ. ಆ ಹೆಂಗಸು ಅತ್ತಳು. ಯಾಕೆ ಅಂತ ನಾನು ಕೇಳಲಿಲ್ಲ. ನಮ್ಮ ಗೆಸ್ಟ್‌ಗಳಲ್ಲಿ ಎಷ್ಟೋ ಜನ ಅಳುತ್ತಾರೆ. ಬಾಳೆಹಣ್ಣು ಬಿಸಿ ಮಾಡಿ ಕೊಟ್ಟೆ.

ಆಗಸ್ಟ್ 2

ಹೆಣ್ಣು.

ಪಾರ್ಮಿ ಚೆನ್ನಾಗಿದ್ದಾಳೆ. ಸುದಾನ ಮಾಸು ತೊಳೆದು ಬಾಗಿಲ ಎಡಕ್ಕೆ ಹೂತು ಮೇಲೆ ಕಲ್ಲಿಟ್ಟು ದೀಪ ಹಚ್ಚಿದ. ಅತ್ತೆ ನನ್ನ ಹತ್ತಿರ ಬಂದು, ನಾನೇನೂ ಕೇಳದಿದ್ದರೂ, "ಗಂಡು ಹೋದವನು ಹೆಣ್ಣಾಗಿ ಬರಬಾರದು ಅಂತೇನಿಲ್ಲ" ಅಂದರು.

ಮುದಿತ ಮಗುವನ್ನು ಎತ್ತಿಕೊಂಡ. ಬಲಗಿವಿ ನೋಡಿದ. ರಾಕನಿಗೆ ಕಿವಿಯ ಮುಂದೆ ಸೂಜಿ ಚುಚ್ಚಿದಷ್ಟು ತೂತಿತ್ತು. ಮುದಿತನಿಗೂ ಇದೆ. ಮಗುವಿಗೆ ಇರಲಿಲ್ಲ.

"ಚಿಕ್ಕದಲ್ವಾ ಇನ್ನೂ," ಅಂದ. ನನಗೆ ಹೇಳಿದನೋ ತನಗೆ ಹೇಳಿಕೊಂಡನೋ.

ಆಗಸ್ಟ್ 17, ಬೆಳಗ್ಗೆ ಹತ್ತು

ಇವತ್ತು ಅತ್ತೆ, ಸುದಾನ ಜೆರೋ ಅಮ್ಮನ ಹತ್ತಿರ ಹೋಗಿದ್ದಾರೆ, ಕೇಳಲು. ನೀನೂ ಬಾ ಅಂದರು. ಬುಕಿಂಗ್ ಇದೆ ಅಂದೆ. ಇರಲಿಲ್ಲ. ಬೇರೆಯವರ ಗೆಸ್ಟ್‌ಗಳನ್ನು ಕೇಳಿ ಪಡೆದು ಬೆಟ್ಟಕ್ಕೆ ಹೋದೆ. ಅಲ್ಲಿ ಕೂತು ಕೇಳಿಸಿಕೊಳ್ಳುವ ಧೈರ್ಯ ನನಗಿಲ್ಲ. ಬೆಟ್ಟದ ಬುಡದ ಗುಡಿಯಲ್ಲಿ ಹೂವಿಟ್ಟು ಏನು ಬೇಡಿಕೊಂಡೆ ಅಂತ ಬರೆಯುವುದಿಲ್ಲ.

ಈಗ ಅಡುಗೆಮನೆಯಲ್ಲಿ ಕೂತಿದ್ದೇನೆ. ಮುದಿತ ಹಿತ್ತಿಲಲ್ಲಿ ಈರುಳ್ಳಿ ಬಿಡಿಸುತ್ತಿದ್ದಾನೆ. ಬಿಡಿಸಿದ್ದನ್ನೇ ಮತ್ತೆ ಬಿಡಿಸುತ್ತಿದ್ದಾನೆ.

ಅದೇ ದಿನ, ರಾತ್ರಿ

ಅವನೇ.

ಅತ್ತೆ ಬಂದವರೇ ತೆಂಗಿನಕಾಯಿ ತುರಿಯಲು ಕೂತರು. ತುರಿಯುತ್ತಲೇ ಹೇಳಿದರು, "ಅವನೇ ಕಣೇ ರೆಸ್ಮಿ. ನಮ್ ರಾಕ. ನಿನ್ನ ಮಗನೇ."

"ಏನು ಕೇಳ್ದ?" ಅಂದೆ.

"ಏನೂ ಕೇಳ್ಲಿಲ್ಲ... ಮೊಟ್ಟೆ. ಹಾಂ, ಮೊಟ್ಟೆ ಕೇಳ್ದ."

ಮುದಿತ ಬಾಗಿಲಲ್ಲಿ ನಿಂತಿದ್ದ. ತನ್ನ ತಾಯಿಯ ಮುಖವನ್ನೇ ತುಂಬ ಹೊತ್ತು ನೋಡಿದ. ಆಮೇಲೆ ಹಿತ್ತಿಲಿಗೆ ಹೋದ. ನೀರು ಸುರಿದುಕೊಳ್ಳುವ ಸದ್ದು ನಿಲ್ಲಲೇ ಇಲ್ಲ.

ರಾತ್ರಿ ಎರಡು ಸಲ ಅನ್ನ ಹಾಕಿಸಿಕೊಂಡ. ಮೀನಿನ ತಲೆಯನ್ನೂ ಬಿಡಲಿಲ್ಲ. ತಿನ್ನುವಾಗ ನನ್ನನ್ನೇ ನೋಡುತ್ತಿದ್ದ. ಅವನು ತಿನ್ನುತ್ತಿದ್ದಾನಲ್ಲ ಅಂತ ನಾನೂ ತಿಂದೆ.

ಬಂದ. ನನ್ನ ಮಗ ಮನೆಗೆ ಬಂದ.

ಆಗಸ್ಟ್ 18

ಏನೂ ಬರೆಯಬೇಕು ಅನ್ನಿಸುತ್ತಿಲ್ಲ. ಮಗು ಮಡಿಲಲ್ಲೇ ನಿದ್ದೆ ಹೋಯಿತು.

ಸೆಪ್ಟೆಂಬರ್ 4

ಮುದಿತ ಬೆಟ್ಟ ಹತ್ತಿದ. ತಾನಾಗಿಯೇ ಬೂಟು ತೆಗೆದು ಒರೆಸಿದ್ದ. ಏಳು ಜನ ಆಸ್ಟ್ರೇಲಿಯಾದವರು, ಇಬ್ಬರೂ ಸೇರಿ ಕರೆದುಕೊಂಡು ಹೋದೆವು. ದಾರಿಯುದ್ದಕ್ಕೂ ತಮಾಷೆ. ಒಬ್ಬಳು ಹೆಂಗಸು ಏದುಸಿರು ಬಿಡುತ್ತಾ ಇನ್ನೆಷ್ಟು ದೂರ ಅಂತ ಕೇಳಿದರೆ, "ನಮ್ಮ ಅಜ್ಜಿ ಇಷ್ಟು ಹೊತ್ತಿಗೆ ಹೋಗಿ ವಾಪಸ್ ಬಂದಿರ್ತಿದ್ಲು" ಅಂದ. ಕೆರ್ತಿ ಅಜ್ಜಿ ಜನ್ಮದಲ್ಲಿ ಬೆಟ್ಟ ಹತ್ತಿದವಳಲ್ಲ.

ಹಬೆಯ ಬಿರುಕಿನಲ್ಲಿ ಅವನೇ ಮೊಟ್ಟೆ ಇಟ್ಟ. ಗೆಸ್ಟ್‌ಗಳಿಗೆ ಕೊಟ್ಟು ಉಳಿದದ್ದನ್ನು ಜೇಬಿಗೆ ಹಾಕಿಕೊಂಡ.

"ಇದು ಪಾರ್ಮಿಗೆ. ಇನ್ಮೇಲೆ ನಾನೇ ಕೊಡ್ತೀನಿ. ಗೆಸ್ಟ್‌ಗಳನ್ನ ಕೊಳಕ್ಕೆ ಬಿಡೋದು ನೀನು ನೋಡ್ಕೋ."

"ಯಾಕೆ, ನಾನು ಕೊಟ್ರೆ ಒಡೆದು ಹೋಗತ್ತಾ?"

"ದೊಡ್ಡಪ್ಪ ಕೊಟ್ಟಿದ್ದು ಅಂತ ಅವನಿಗೂ ಗೊತ್ತಾಗ್ಲಿ ಕಣೆ."

ಅವನಿಗೂ ಅಂದ. ಅವಳಿಗೆ ಅನ್ನಲಿಲ್ಲ. ಆ ಒಂದು ಮಾತಿಗೆ ಇಡೀ ಬೆಟ್ಟ ಇಳಿದದ್ದು ಗೊತ್ತಾಗಲಿಲ್ಲ.

ಬಹಳ ದಿನದ ಮೇಲೆ ನಾನೂ ನೀರಿಗಿಳಿದೆ. ಕುತ್ತಿಗೆವರೆಗೆ ಬಿಸಿನೀರು, ಮುಂದೆ ಸರೋವರದ ತಣ್ಣನೆ ಗಾಳಿ. ಮೂರನೇ ಮೆಟ್ಟಿಲ ಕಡೆ ನೋಡಿದೆ. ಬರೀ ಕಲ್ಲು, ಅಂಚಿನಲ್ಲಿ ಏನೋ ಅಗಿಯುತ್ತಾ ಕೂತ ಒಂದು ಮಂಗ.

ಸೆಪ್ಟೆಂಬರ್ 21

ಮಗು ನಕ್ಕಿತು. ಮುದಿತನನ್ನು ನೋಡಿ. "ಏ ರಾಕ, ಹೆಣ್ಣಾಗಿ ಬಂದ್ಯೇನೋ? ನಿಮ್ಮಮ್ಮ ಗಂಡಸರ ಕೆಲಸ ಮಾಡ್ತಾಳೆ, ಮನೇಲಿ ಒಂದು ಹೆಣ್ಣಿರ್ಲಿ ಅಂತಾನಾ?" ಅಂದ. ನಾನು ಬೆನ್ನಿಗೆ ಗುದ್ದಿದೆ. ಪಾರ್ಮಿಯೂ ನಕ್ಕಳು. ನಕ್ಕು ತಕ್ಷಣ ಒಳಗೆ ಹೋದಳು.

ಅವಳಿಗೆ ಬೇಸರವಾಗುತ್ತದೆಯೋ ಏನೋ. ಮಗು ಅವಳದಲ್ಲವೇ. ಸ್ವಲ್ಪ ನೋಡಿಕೊಂಡು ನಡೆಯಬೇಕು.

ಅಕ್ಟೋಬರ್ 10

ಬರೆಯುವುದು ಮರೆತೇಹೋಗಿದೆ. ಸುಖವಾಗಿದ್ದರೆ ಪುಟ ತುಂಬುವುದಿಲ್ಲ.

ನವೆಂಬರ್ 15

ಮಗುವಿಗೆ ಮೂರು ತಿಂಗಳ ಶಾಂತಿ, ಮೂವತ್ತೈದು ದಿನಕ್ಕೊಂದು ತಿಂಗಳ ನಮ್ಮ ಲೆಕ್ಕದಲ್ಲಿ. ಪಾದ ಮೊದಲ ಸಲ ನೆಲ ಮುಟ್ಟುವ ದಿನ. ಹೆಸರಿಡುವುದೂ ಇವತ್ತೇ. ಊರೆಲ್ಲ ಬಂದಿತ್ತು. ಹಂದಿ ಕೊಚ್ಚಿ, ಕಾಯಿ ತುರಿದು, ಬೆಳಗಿನಿಂದ ಗಂಡಸರ ಗಲಾಟೆ.

ಮಗುವಿನ ಮುಂದಿಡುವ ತಟ್ಟೆಯನ್ನು ಅತ್ತೆಯೇ ಕಟ್ಟಿದ್ದರು. ಬೇರೆ ಯಾರನ್ನೂ ಹತ್ತಿರ ಬಿಡಲಿಲ್ಲ. ಹೂವು, ಹಣ್ಣು, ಅನ್ನ. ಮೇಲೆ ಒಂದು ಬೇಯಿಸಿದ ಮೊಟ್ಟೆ, ಎಲ್ಲರಿಗೂ ಕಾಣುವ ಹಾಗೆ. ಪೂಜಾರಿ ಗಂಟೆ ಆಡಿಸುವಾಗ ಮಗು ಕಾಲು ಒದೆಯಿತು. ಮೇಲಿನ ಬಾಳೆಹಣ್ಣಿನ ಚಿಪ್ಪು ಸರಿಯಿತು.

ಕೆಳಗೆ ವೀಳ್ಯದೆಲೆ. ಸುಣ್ಣ. ಅಡಿಕೆ ಹೋಳು. ಒಂದು ಉಂಡೆ ಕರಿ ಹೊಗೆಸೊಪ್ಪು.

ಆರು ವರ್ಷದ ಹುಡುಗ ಹೊಗೆಸೊಪ್ಪು ಕೇಳುವುದಿಲ್ಲ.

ನಮಗೆ ಏನು ಬೇಕಾದರೂ ಹೇಳಬಹುದು. ಬಂದವರಿಗೆ ಕೊಡದೆ ಇರಲು ಆಗುವುದಿಲ್ಲ, ಮಗುವಿಗೆ ಆಗಿಬರುವುದಿಲ್ಲ. ಅದಕ್ಕೇ ಅಡಿಯಲ್ಲಿ ಇಟ್ಟಿದ್ದರು.

ಅಷ್ಟರಲ್ಲಿ ಒಂದು ಕೈ ಬಂತು. ಬಾಳೆಹಣ್ಣಿನ ಚಿಪ್ಪನ್ನು ಮೆಲ್ಲಗೆ ಮೊದಲಿದ್ದ ಜಾಗಕ್ಕೆ ಎಳೆದು, ಹೊಗೆಸೊಪ್ಪು ಕಾಣದ ಹಾಗೆ ಮುಚ್ಚಿತು. ಬೆರಳ ಸಂದಿಯಲ್ಲಿ ಈರುಳ್ಳಿ ಹೊಲದ ಕರಿ ಮಣ್ಣು. ಮುಚ್ಚಿದ ಮೇಲೆ ಮುದಿತ ತಲೆಯೆತ್ತಿ ನನ್ನ ಕಡೆ ನೋಡಿದ, ನಾನು ನೋಡಿದೆನಾ ಅಂತ.

ನಾನು ಪೂಜಾರಿಯ ಗಂಟೆಯನ್ನು ನೋಡುತ್ತಿದ್ದೆ.

ಪಾದ ನೆಲಕ್ಕೆ ತಾಗಿಸಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ನವೆಂಬರ್ 16

ಸೌದೆ ತರಲು ಹೋದವಳು ಬೇಗ ಬಂದುಬಿಟ್ಟೆ. ಜಗಲಿಯಲ್ಲಿ ಅತ್ತೆ ಒಬ್ಬರೇ, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು. ಮಗು ಒಂದೇ ಸಮನೆ ಅಳುತ್ತಿತ್ತು, ಅತ್ತೆ ಅದರ ಮುಖ ನೋಡಿ ಬೇಡಿಕೊಳ್ಳುತ್ತಿದ್ದರು.

"ಇನ್ನೇನು ಬೇಕು ಅತ್ತೆ? ಕೇಳಿದ್ದೆಲ್ಲ ಕೊಟ್ಟಾಯ್ತಲ್ಲ. ಒಂದು ಸುಳ್ಳು ಹೇಳಿದ್ದಕ್ಕೆ ಹೀಗೆ ಸಿಟ್ಟು ಮಾಡ್ಕೋಬಾರ್ದು. ಆ ಎರಡು ಜೀವ ಊಟ ಬಿಟ್ಟಿದ್ವು, ನಿಮ್ಮ ಮೊಮ್ಮಗನೇ ಅಲ್ವಾ ಅವನು? ಅಳಬೇಡಿ, ದಮ್ಮಯ್ಯ."

ಮೂವತ್ತು ವರ್ಷ ಹೆದರಿ ಬಾಳಿದವರು. ಹಾಲು ಕುಡಿಯುವ ಕೂಸಿನ ಮುಂದೆಯೂ ದನಿ ಎತ್ತುವುದಿಲ್ಲ. ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ.

ಸೌದೆ ಇಳಿಸದೆ ಹಿಂದಕ್ಕೆ ಹೋದೆ. ಬೀದಿಯಲ್ಲಿ ಸ್ವಲ್ಪ ಹೊತ್ತು ನಿಂತು, ಕೆಮ್ಮುತ್ತಾ ಬಂದೆ.

ನವೆಂಬರ್ 17

ಸಿಟ್ಟಿಲ್ಲ. ಅತ್ತೆಯ ಮೇಲೂ ಇಲ್ಲ, ಪಾರ್ಮಿಯ ಮೇಲೂ ಇಲ್ಲ. ಕೆರ್ತಿ ಅಜ್ಜಿಯ ಮೇಲಂತೂ ಇಲ್ಲ — ಅವಳ ಮನೆ, ಅವಳು ಬಂದಳು. ಮಗುವನ್ನು ಎತ್ತಿಕೊಂಡೆ. ಅದೇ ತೂಕ, ಅದೇ ಹಾಲಿನ ವಾಸನೆ. ನನ್ನನ್ನು ನೋಡಿ ನಕ್ಕಿತು. "ನೀವಾ?" ಅಂದೆ ಕಿವಿಯಲ್ಲಿ. "ಇರಲಿ ಬಿಡಿ."

ಮುದಿತನಿಗೆ ಗೊತ್ತು. ಯಾವಾಗಿನಿಂದ? ಹೊಗೆಸೊಪ್ಪು ನೋಡಿದ ಮೇಲೋ, ಮುಂಚೆಯೋ? ಕೇಳಿದರೆ, ನನಗೆ ಗೊತ್ತು ಅಂತ ಅವನಿಗೆ ಗೊತ್ತಾಗುತ್ತದೆ. ಆಮೇಲೆ ಮತ್ತೆ ನಾಲ್ಕು ತುತ್ತು, ಮತ್ತೆ ಮಂಡಿನೋವು. ಕೇಳುವುದಿಲ್ಲ.

ಒಂದೇ ಒಂದು ವಿಷಯ ಎದೆಯಲ್ಲಿ ಕೂತಿದೆ.

ಈ ಮಗು ಅವನಲ್ಲ ಅಂದರೆ ಅವನು ಎಲ್ಲಿ?

ಇನ್ನೂ ಬಂದಿಲ್ಲ. ಅಷ್ಟೇ. ಎಲ್ಲಿ ಬಿಟ್ಟು ಬಂದಿದ್ದೆನೋ ಅಲ್ಲೇ ಇದ್ದಾನೆ. ಮೂರನೇ ಮೆಟ್ಟಿಲಲ್ಲಿ ಕಾಲು ಇಳಿಬಿಟ್ಟು. ನಾನು ಜೂನ್ ತಿಂಗಳಿನಿಂದ ಅವನಿಗೆ ಒಂದು ಮೊಟ್ಟೆಯೂ ಇಟ್ಟಿಲ್ಲ. ಇಲ್ಲಿ ನಾವೆಲ್ಲ ನಗುತ್ತಿದ್ದೆವು, ಅಲ್ಲಿ ಅವನು ಯಾರ ಜೇಬು ಹುಡುಕಬೇಕು ಅಂತ ಗೊತ್ತಾಗದೆ ಕೂತಿದ್ದ. ಎಂಥ ತಾಯಿ ನಾನು. ಮಗ ಮನೆಗೆ ಬಂದ ಅಂತ ಯಾರೋ ಅಂದರೆ ಅಷ್ಟಕ್ಕೇ ಅವನ ಊಟ ನಿಲ್ಲಿಸಿದೆ.

ನವೆಂಬರ್ 18, ಬೆಳಗ್ಗೆ ಒಂಬತ್ತು. ಕೊಳದ ಹತ್ತಿರ

ಮುದಿತನ ಗುಂಪು ಮುಂದೆ, ನನ್ನದು ಹಿಂದೆ. ನನಗೆ ಮೂರು ಜನ, ಫ್ರೆಂಚರು, ಹುಡುಗಿಯರು. ಮಳೆಗಾಲದ ಮೋಡ, ಆದರೂ ಸೂರ್ಯ ಹುಟ್ಟುವ ಹೊತ್ತಿಗೆ ಒಂದು ಕಡೆ ಹರಿದು ಕೊಟ್ಟಿತು. ಸರೋವರ ಕೆಂಪಾಯಿತು. ಹುಡುಗಿಯರು ಒಬ್ಬರನ್ನೊಬ್ಬರು ಅಪ್ಪಿಕೊಂಡರು. ನಾನು ಬಿರುಕಿನ ಹತ್ತಿರ ಕೂತು ಅವನ ಪಾಲಿನದನ್ನು ಬೇರೆ ಬೇಯಿಸಿದೆ, ಬಾಳೆ ಎಲೆಯಲ್ಲಿ ಸುತ್ತಿ ಒಳಗಿನ ಜೇಬಿನಲ್ಲಿ ಇಟ್ಟೆ. ಇಳಿಯುವಾಗ ದಾರಿ ಉದ್ದವಾಯಿತು. ಜಾರಿ ಬಿದ್ದರೂ ಒಂದು ಕೈ ಜೇಬಿನ ಮೇಲೇ ಇತ್ತು.

ಹುಡುಗಿಯರನ್ನು ಟಿಕೆಟ್ಟಿನ ಕೊಳಕ್ಕೆ ಬಿಟ್ಟು ಓಡಿ ಬಂದೆ.

ಮೂರನೇ ಮೆಟ್ಟಿಲ ಮೇಲೆ ಒಂದು ಮೊಟ್ಟೆ ಇತ್ತು.

ಮುಟ್ಟಿದೆ. ಇನ್ನೂ ಬೆಚ್ಚಗಿತ್ತು. ಬಿಸಿನೀರಿನ ಕಲ್ಲಿನ ಬಿಸಿ ಅಂದುಕೊಂಡೆ. ಕಲ್ಲು ಮುಟ್ಟಿದೆ, ಮಂಜಿಗೆ ತಣ್ಣಗಿತ್ತು.

ಆಚೆ ಬದಿಯಲ್ಲಿ ಬಟ್ಟೆ ಒಗೆಯುತ್ತಿದ್ದ ಪಕ್ಕದ ಮನೆಯ ಸುಂತಿ ಅತ್ತೆ ನೋಡಿ ಅಂದರು, "ಈಗ ತಾನೇ ಹೋದ ನಿನ್ ಗಂಡ. ಮಂಗ ಎತ್ಕೊಂಡ್ ಹೋಗತ್ತೆ ಕಣೋ ಅಂದ್ರೂ ಕೇಳಲ್ಲ. ಮತ್ತೆ ಬೆಟ್ಟ ಹತ್ತೋಕೆ ಶುರು ಮಾಡಿದಾಗಿನಿಂದ ದಿನಾ ಇಡ್ತಾನಲ್ಲ. ನಿಂಗೆ ಗೊತ್ತಿಲ್ವಾ?"

"ಗೊತ್ತು," ಅಂದೆ.

ಪಾರ್ಮಿಗೆ ಅಂತ ಒಯ್ಯುತ್ತಿದ್ದುದು. ಸೆಪ್ಟೆಂಬರ್‌ನಿಂದ. ಮೊದಲ ದಿನದಿಂದಲೇ ಅವನಿಗೆ ಗೊತ್ತಿತ್ತು. ತೆಂಗಿನಕಾಯಿ ತುರಿಯುತ್ತಿದ್ದ ತಾಯಿಯ ಮುಖ ನೋಡಿಯೇ ಗೊತ್ತಾಗಿತ್ತು. ಎರಡು ಸಲ ಅನ್ನ ಹಾಕಿಸಿಕೊಂಡದ್ದು ನಾನು ತಿನ್ನಲಿ ಅಂತ. ಬೂಟು ಒರೆಸಿದ್ದು, ತಮಾಷೆ ಮಾಡಿದ್ದು, ಏ ರಾಕ ಅಂತ ಮಗುವನ್ನು ಕರೆದದ್ದು. ನೋಡಲಾರದೆ ಇಷ್ಟು ದಿನ ತಪ್ಪಿಸಿಕೊಂಡಿದ್ದ ಮೆಟ್ಟಿಲಿಗೆ ದಿನಾ ಒಬ್ಬನೇ ಬಂದು, ನಾನು ನಿಲ್ಲಿಸಿದ್ದನ್ನು ಇಟ್ಟು, ಮನೆಗೆ ಬಂದು ನಗುತ್ತಿದ್ದ.

ಕಾಲು ನೀರಿಗೆ ಬಿಟ್ಟು ಕೂತಿದ್ದೇನೆ. ಪಕ್ಕದಲ್ಲಿ ಜಾಗ ಬಿಟ್ಟಿದ್ದೇನೆ. ನನ್ನ ಮೊಟ್ಟೆಯನ್ನೂ ಎಲೆ ಬಿಚ್ಚಿ ಅದರ ಪಕ್ಕ ಇಟ್ಟೆ. ಅಪ್ಪನದೊಂದು, ಅಮ್ಮನದೊಂದು. ಕೇಳಿ ಕೊಡಬಾರದಾ ಅಂತ ಅವತ್ತು ಎಷ್ಟು ಬೈದಿದ್ದೆ.

ಎರಡು ತಿಂದರೆ ಹೊಟ್ಟೆನೋವು ಬರುತ್ತದೆ ಮಗ. ಆದರೂ ಇವತ್ತೊಂದು ದಿನ ಎರಡೂ ತಿನ್ನು.